ರಾತ್ರಿ ತಂಗುವ ಕಾಡುದಾರಿಗೆ, ಭಾರದ ಹೊರೆಗೆ ಕೈಗೆಟುಕುವ ಬೆನ್ನುಚೀಲ ಆರಿಸುವುದು ಹೇಗೆ?

ಮಳೆ ಹಿಂದೆ ಸರಿದು ಕಾಫಿ ಹಣ್ಣಾಗುವ ಹೊತ್ತಿಗೆ ಕೊಡಗಿನಲ್ಲಿ ಬೆನ್ನಿಗೆ ಚೀಲ ಏರಿಸಿ ಹೊರಡುವವರು ಹೆಚ್ಚುತ್ತಾರೆ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಕಡೆಯಿಂದ ತಡಿಯಂಡಮೋಳ್ ಏರುವವರು, ಇರ್ಪುವಿನಿಂದ ಬ್ರಹ್ಮಗಿರಿಗೆ ಹೋಗುವವರು, ಸೋಮವಾರಪೇಟೆ ಕಡೆಯಿಂದ ಪುಷ್ಪಗಿರಿ ಹತ್ತುವವರು ಒಂದು ಬಗೆ. ಏಲಕ್ಕಿ ಮಲೆಯಲ್ಲಿ ಎರಡು ಮೂರು ದಿನ ಉಳಿದು ಕೆಲಸ ಮುಗಿಸಿ ಬರುವವರು, ತೆನೆಗಟ್ಟಿದ ಗದ್ದೆಗೆ ಆನೆ, ಹಂದಿ ಇಳಿಯದಂತೆ ಅಟ್ಟಣೆಯಲ್ಲಿ ರಾತ್ರಿ ಕಾಯುವವರು ಇನ್ನೊಂದು ಬಗೆ. ಅಕ್ಕಿ, ನೀರು, ಹೊದಿಕೆ, ಟಾರ್ಚ್, ಪಾತ್ರೆ ಹೊತ್ತು ಏರು ಹತ್ತುವ ಕಷ್ಟ ಇಬ್ಬರದೂ ಒಂದೇ. ಆದರೆ ಹೆಚ್ಚಿನವರ ಬೆನ್ನ ಮೇಲೆ ಇರುವುದು ಕಾಲೇಜಿಗೆ ಪುಸ್ತಕ ಒಯ್ಯಲು ಹೊಲಿದ ಚೀಲ.

ಒಂದು ಕಾಲದಲ್ಲಿ ಇದೇ ದಾರಿಗಳಲ್ಲಿ ಜನ ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಅಧ್ಯಾಯ ಮುಗಿಯಿತು. ಕೊಡವರ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಅಷ್ಟೇ. ಹಾಗಾಗಿ ಈ ಲೇಖನ ಚಾರಣಕ್ಕೆ, ಕಾವಲಿಗೆ, ತೋಟದ ಕೆಲಸಕ್ಕೆ ಹೊರಡುವವರಿಗಾಗಿ. ಅರಣ್ಯದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಇಲಾಖೆ ಹೇಳಿದ ಜಾಗದಲ್ಲೇ ತಂಗಬೇಕು. ಎಲ್ಲಿ ತಂಗುತ್ತೀರಿ ಎಂಬುದು ತೀರ್ಮಾನವಾದ ಮೇಲೆಯೇ ಚೀಲದ ಮಾತು, ಏಕೆಂದರೆ ಡೇರೆ ಬೇಕೋ ಬೇಡವೋ ಎಂಬುದರ ಮೇಲೆ ಹೊರೆಯ ಲೆಕ್ಕವೇ ಬದಲಾಗುತ್ತದೆ.

1. ಹೊರೆಯನ್ನು ತೂಗಿ

ಅಂಗಡಿಗೆ ಹೋಗುವ ಮೊದಲು ಒಯ್ಯಬೇಕಾದ ಎಲ್ಲವನ್ನೂ ಜಗಲಿಯ ಮೇಲೆ ಹರಡಿ ತೂಕ ಹಾಕಿ. ಕಾಫಿ, ಕಾಳುಮೆಣಸು ತೂಗುವ ಯಂತ್ರ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಒಂದು ರಾತ್ರಿಯ ಲೆಕ್ಕ ಹೆಚ್ಚುಕಡಿಮೆ ಹೀಗೆ ಬರುತ್ತದೆ: ಮಲಗುವ ಚೀಲ ಒಂದೂವರೆ ಕೆ.ಜಿ., ಇಬ್ಬರು ಹಂಚಿಕೊಂಡ ಡೇರೆಯಲ್ಲಿ ನಿಮ್ಮ ಪಾಲು ಒಂದೂವರೆ, ಮೂರು ಲೀಟರ್ ನೀರಿಗೆ ಮೂರು, ಊಟಕ್ಕೆ ಒಂದೂವರೆ, ಬಟ್ಟೆ ಮತ್ತು ಮಳೆಕೋಟಿಗೆ ಎರಡು, ಒಲೆ ಪಾತ್ರೆಗೆ ಒಂದು, ಟಾರ್ಚ್, ಔಷಧ, ಹಗ್ಗ ಇತ್ಯಾದಿಗೆ ಇನ್ನೊಂದು. ಖಾಲಿ ಚೀಲದ್ದೇ ಒಂದೂವರೆ ಕೆ.ಜಿ. ಸೇರಿದರೆ 13 ಆಯಿತು.

ದೇಹತೂಕದ ಐದನೇ ಒಂದು ಭಾಗದಷ್ಟು ಹೊರೆ ಸಾಕು ಎಂಬುದು ಚಾರಣಿಗರು ಬಹಳ ಕಾಲದಿಂದ ಪಾಲಿಸುವ ಅಂದಾಜು. 60 ಕೆ.ಜಿ. ತೂಗುವವರಿಗೆ ಅದು 12 ಕೆ.ಜಿ. ಅಂದರೆ ಮೇಲಿನ ಪಟ್ಟಿಯಲ್ಲಿ ಒಂದು ಕೆ.ಜಿ. ಇಳಿಸಲೇಬೇಕು. ಎರಡನೇ ಜೊತೆ ಪ್ಯಾಂಟು, ದಪ್ಪ ಟವೆಲ್, ಗಾಜಿನ ಉಪ್ಪಿನಕಾಯಿ ಬಾಟಲಿ ಮನೆಯಲ್ಲೇ ಉಳಿಯಲಿ. ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಫೆಬ್ರುವರಿ ಕಳೆದರೆ ಬೆಟ್ಟದ ಮೇಲ್ಭಾಗದ ತೊರೆಗಳು ಬತ್ತಿರುತ್ತವೆ.

ಒಂದು ರಾತ್ರಿಗೆ 40ರಿಂದ 50 ಲೀಟರ್ ಗಾತ್ರದ ಚೀಲ ಸಾಕು. ಎರಡು ಮೂರು ರಾತ್ರಿಗೆ 55ರಿಂದ 65. ‘ದೊಡ್ಡದಿದ್ದರೆ ಎಲ್ಲದಕ್ಕೂ ಆಯಿತು’ ಎಂದು 80 ಲೀಟರಿನದು ಕೊಳ್ಳುವವರಿದ್ದಾರೆ. ಜಾಗ ಇದ್ದರೆ ಕೈ ಸುಮ್ಮನಿರುವುದಿಲ್ಲ, ಬೇಡದ್ದನ್ನೆಲ್ಲ ತುಂಬಿಸುತ್ತದೆ.

2. ಬೆನ್ನನ್ನು ಅಳೆಯಿರಿ

ಇದನ್ನು ಅಂಗಡಿಯವರೂ ಕೇಳುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ. ಎತ್ತರ ನೋಡಿ ಚೀಲ ಕೊಡುತ್ತಾರೆ. ಆರಡಿ ಎತ್ತರದವರಿಗೆ ಕಾಲು ಉದ್ದವಿದ್ದು ಬೆನ್ನು ಗಿಡ್ಡವಿರಬಹುದು. ಚೀಲ ಕೂರುವುದು ಬೆನ್ನ ಮೇಲೆ.

ಅಳತೆಗೆ ದರ್ಜಿಯ ಟೇಪು, ಜೊತೆಗೆ ಮನೆಯವರೊಬ್ಬರು ಬೇಕು. ತಲೆಯನ್ನು ಮುಂದಕ್ಕೆ ಬಗ್ಗಿಸಿ. ಕತ್ತಿನ ಬುಡದಲ್ಲಿ ಒಂದು ಮೂಳೆ ಗುಬುಟಾಗಿ ಎದ್ದು ಕೈಗೆ ಸಿಗುತ್ತದೆ. ಅದು ಮೇಲಿನ ಗುರುತು. ಈಗ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿ ಇಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿ. ಎರಡು ಹೆಬ್ಬೆರಳುಗಳ ನಡುವೆ ಎಳೆದ ಗೆರೆ ಬೆನ್ನುಮೂಳೆಯನ್ನು ಮುಟ್ಟುವ ಜಾಗ ಕೆಳಗಿನ ಗುರುತು. ನೆಟ್ಟಗೆ ನಿಂತು, ಬೆನ್ನಿನ ಬಾಗು ಹಿಡಿದೇ ಇವೆರಡರ ನಡುವೆ ಅಳೆಯಬೇಕು. ವಯಸ್ಕರಲ್ಲಿ ಬಹುಪಾಲು ಜನರಿಗೆ ಇದು 40ರಿಂದ 53 ಸೆಂಟಿಮೀಟರ್ ನಡುವೆ ಬರುತ್ತದೆ.

ಒಳ್ಳೆಯ ಚೀಲಗಳ ಚೀಟಿಯಲ್ಲಿ ಈ ಅಳತೆ ಮುದ್ರಿಸಿರುತ್ತಾರೆ. ಹೆಗಲಪಟ್ಟಿಯ ಜಾಗವನ್ನು ಮೇಲೆ ಕೆಳಗೆ ಸರಿಸುವ ಏರ್ಪಾಡು ಇರುವ ಚೀಲ ಸಿಕ್ಕರೆ ಅದನ್ನೇ ಆರಿಸಿ. ಅಣ್ಣ, ತಂಗಿ, ಅಪ್ಪ ಎಲ್ಲರೂ ಒಂದೇ ಚೀಲ ಬಳಸುವ ಮನೆಗಳಲ್ಲಿ ಅದರಿಂದ ಉಳಿಯುವ ಹಣ ದೊಡ್ಡದು. ಹೆಣ್ಣುಮಕ್ಕಳಿಗೆಂದೇ ಹೊಲಿದ ಚೀಲಗಳಲ್ಲಿ ಹೆಗಲಪಟ್ಟಿಗಳ ನಡುವಿನ ಅಂತರ ಕಡಿಮೆ, ಸೊಂಟಪಟ್ಟಿಯ ಓರೆ ಬೇರೆ. ಗಂಡಸರ ಚೀಲ ಹೊತ್ತು ಹೆಗಲ ತುದಿಯಲ್ಲಿ ಪಟ್ಟಿ ಜಾರುತ್ತಿದೆ ಎನ್ನುವವರು ಇದನ್ನು ಒಮ್ಮೆ ಹಾಕಿ ನೋಡಬೇಕು.

3. ಹಣ ಹಾಕಬೇಕಾದ್ದು ಸೊಂಟಪಟ್ಟಿ ಮತ್ತು ಚೌಕಟ್ಟಿಗೆ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸರಿಯಾಗಿ ಕೂತ ಚೀಲದಲ್ಲಿ ಭಾರದ ಬಹುಪಾಲು ಸೊಂಟದ ಮೂಳೆಯ ಮೇಲೆ ಇಳಿದು ಕಾಲಿಗೆ ಹೋಗುತ್ತದೆ. ಹೆಗಲಪಟ್ಟಿಯ ಕೆಲಸ ಚೀಲ ಹಿಂದಕ್ಕೆ ವಾಲದಂತೆ ಹಿಡಿಯುವುದು. ಭಾರ ಹೀಗೆ ಇಳಿಯಬೇಕಾದರೆ ಬೆನ್ನಿನ ಕಡೆ ಗಟ್ಟಿಯಾದ ಚೌಕಟ್ಟು ಇರಬೇಕು, ಅದರ ಬುಡಕ್ಕೆ ಸೊಂಟಪಟ್ಟಿ ಬಿಗಿಯಾಗಿ ಸೇರಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ 12 ಕೆ.ಜಿ. ಕತ್ತಿಗೆ ಬಂದು ಕೂರುತ್ತದೆ.

ಚೌಕಟ್ಟು ಪರೀಕ್ಷಿಸಲು ಖಾಲಿ ಚೀಲವನ್ನು ನೆಲದ ಮೇಲೆ ನಿಲ್ಲಿಸಿ, ಮೇಲಿನ ಹಿಡಿಕೆಯ ಹತ್ತಿರ ಅಂಗೈಯಿಂದ ಕೆಳಕ್ಕೆ ಒತ್ತಿ. ಮಡಚಿ ಕುಸಿದರೆ ಒಳಗೆ ಬರೀ ಫೋಮ್ ಹಾಳೆ ಇದೆ ಎಂದರ್ಥ. ಅಲ್ಯೂಮಿನಿಯಂ ಪಟ್ಟಿಯೋ ತಂತಿಯ ಚೌಕಟ್ಟೋ ಇದ್ದರೆ ಅದು ಎದುರು ಒತ್ತುತ್ತದೆ. ಬೆನ್ನಿನ ಕಡೆಯ ಒಳಜೇಬಿನಲ್ಲಿ ಕೈ ಆಡಿಸಿದರೆ ಪಟ್ಟಿಯ ಅಂಚು ಬೆರಳಿಗೆ ತಾಗುತ್ತದೆ.

ಸೊಂಟಪಟ್ಟಿಯನ್ನು ಕಟ್ಟಿಕೊಂಡು ನೋಡಿ. ಅದರ ಮೆತ್ತೆ ಎರಡೂ ಬದಿಯ ಸೊಂಟದ ಮೂಳೆಯನ್ನು ದಾಟಿ ಮುಂದಕ್ಕೆ ಬರಬೇಕು. ಹಿಂಡಿದರೆ ಕೈಗೆ ಗಟ್ಟಿ ಎನಿಸಬೇಕು. ದಿಂಬಿನ ಹಾಗೆ ಮೆತ್ತಗಿದ್ದದ್ದು ಅಂಗಡಿಯಲ್ಲಿ ಹಿತ, ಏರಿನಲ್ಲಿ ಅಪ್ಪಚ್ಚಿ. ಎರಡು ಬೆರಳಗಲದ ನೈಲಾನ್ ಪಟ್ಟಿಗೆ ಬಕಲ್ ಹಾಕಿ ಅದನ್ನೇ ಸೊಂಟಪಟ್ಟಿ ಎಂದು ಮಾರುವ ಚೀಲವನ್ನು ಅಲ್ಲಿಯೇ ಬಿಟ್ಟು ಬನ್ನಿ. ಸಾವಿರ ರೂಪಾಯಿಗೆ 70 ಲೀಟರ್ ಎಂದು ಮೊಬೈಲಿನಲ್ಲಿ ಹೊಳೆಯುವ ಚೀಲಗಳಲ್ಲಿ ಇರುವುದು ಹೆಚ್ಚಾಗಿ ಇದೇ ಪಟ್ಟಿ.

ಹೆಗಲಪಟ್ಟಿಯ ಮೇಲ್ತುದಿಯಿಂದ ಚೀಲದ ತಲೆಗೆ ಹೋಗುವ ಇನ್ನೊಂದು ಸಣ್ಣ ಪಟ್ಟಿ ಇದೆಯೇ ಎಂದೂ ನೋಡಿ. ಇಳಿಜಾರಿನಲ್ಲಿ ಭಾರವನ್ನು ಬೆನ್ನಿಗೆ ಎಳೆದು ಹಿಡಿಯುವುದು ಅದು. ಚೌಕಟ್ಟು, ಮೆತ್ತೆಯ ಸೊಂಟಪಟ್ಟಿ, ಈ ಮೇಲಿನ ಪಟ್ಟಿ ಮೂರೂ ಇರುವ ಚೀಲ ಸುಮಾರು 3,000ದಿಂದ 5,000 ರೂಪಾಯಿಯೊಳಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಸಿಗುವುದು ಹಗುರತನ ಮತ್ತು ನಾಜೂಕು. ಹಲವು ಜೇಬು, ಮೊಬೈಲ್ ಕಿಂಡಿ, ಬಣ್ಣದ ಹಗ್ಗ ನೋಡಿ ಮನಸೋಲಬೇಡಿ. ಪ್ರತಿಯೊಂದು ಜಿಪ್ಪೂ ಮುಂದೊಂದು ದಿನ ಕೆಡುವ ಜಾಗ.

4. ಭಾರ ತುಂಬಿ ನಡೆಯಿರಿ

ಖಾಲಿ ಚೀಲ ಯಾರ ಬೆನ್ನಿಗೂ ಚೆನ್ನಾಗಿಯೇ ಕೂರುತ್ತದೆ. ಅಂಗಡಿಗೆ ಹೋಗುವಾಗ ಹತ್ತು ಲೀಟರ್ ನೀರನ್ನು ಬಾಟಲಿಗಳಲ್ಲಿ ಒಯ್ದರೆ ಹತ್ತು ಕೆ.ಜಿ. ಸಿಕ್ಕಿತು, ಹಳೆಯ ಕಂಬಳಿ ಸುತ್ತಿ ತುಂಬಿದರೆ ಆಕಾರವೂ ಬರುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೂ ಕೇಳಿಕೊಳ್ಳಿ, ದುಡ್ಡು ನಿಮ್ಮದು. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಚೀಟಿ ಕೀಳದೆ, ವಾಪಸು ಕಳುಹಿಸುವ ಅವಧಿ ಮುಗಿಯುವ ಮೊದಲೇ ಮನೆಯೊಳಗೆ ಈ ಪರೀಕ್ಷೆ ಮಾಡಿ.

ಕಟ್ಟಿಕೊಳ್ಳುವ ಕ್ರಮ ಮುಖ್ಯ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಚೀಲ ಏರಿಸಿ. ಹೆಗಲನ್ನು ಸ್ವಲ್ಪ ಎತ್ತಿ, ಸೊಂಟಪಟ್ಟಿಯ ಮೆತ್ತೆಯ ನಡುಭಾಗ ಮೂಳೆಯ ಮೇಲಂಚಿಗೆ ಬರುವಂತೆ ಇರಿಸಿ ಬಿಗಿಯಿರಿ. ಅನಂತರ ಹೆಗಲಪಟ್ಟಿಯನ್ನು ಮೈಗೆ ತಾಗುವಷ್ಟು ಮಾತ್ರ ಎಳೆಯಿರಿ. ಆಮೇಲೆ ಮೇಲಿನ ಸಣ್ಣ ಪಟ್ಟಿ; ಅದು ಹೆಗಲಿನಿಂದ ಚೀಲಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲಬೇಕು. ಕೊನೆಗೆ ಎದೆಪಟ್ಟಿ, ಉಸಿರಿಗೆ ತಡೆಯಾಗದಷ್ಟು.

ಈಗ ಹೆಗಲಪಟ್ಟಿಯ ಕೆಳಗೆ ಬೆರಳು ತೂರಿಸಿ. ಸಲೀಸಾಗಿ ಹೋದರೆ ಭಾರ ಸೊಂಟಕ್ಕೆ ಇಳಿದಿದೆ. ಬೆರಳು ಸಿಕ್ಕಿಕೊಂಡರೆ ಚೀಲದ ಬೆನ್ನಳತೆ ನಿಮ್ಮದಲ್ಲ, ಅಥವಾ ಸೊಂಟಪಟ್ಟಿ ಜಾರುತ್ತಿದೆ. ಕಾಲು ಗಂಟೆಯಾದರೂ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಮಡಿಕೇರಿಯಲ್ಲಿ ಏರು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

5. ಬಟ್ಟೆ, ಹೊಲಿಗೆ, ಮಳೆ

ಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮೈಗೆ 210 ಡೆನಿಯರ್ ನೈಲಾನ್ ನಡೆಯುತ್ತದೆ; ಕಲ್ಲಿಗೆ ಉಜ್ಜುವ ತಳಭಾಗಕ್ಕೆ 420 ಅಥವಾ ಹೆಚ್ಚು ಇರಲಿ. ಚೀಲವನ್ನು ಒಳಹೊರಗು ಮಾಡಿ ಹೊಲಿಗೆ ನೋಡಿ. ಹೆಗಲಪಟ್ಟಿ ಚೀಲಕ್ಕೆ ಸೇರುವಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಓಡಿದ ಅಡ್ಡ ಹೊಲಿಗೆ ಕಾಣಬೇಕು. ಒಂದೇ ಸಾಲು ಹೊಲಿಗೆ, ಅಂಚಿನಲ್ಲಿ ಎಳೆ ಬಿಚ್ಚಿಕೊಂಡ ಬಟ್ಟೆ ಇದ್ದರೆ ಬೇಡ. ಜಿಪ್ಪಿನ ಗುಂಡಿಯ ಮೇಲೆ ಜಪಾನಿನ ಜಿಪ್ ಕಂಪನಿ ವೈಕೆಕೆಯ (YKK) ಗುರುತಿದ್ದರೆ ಭರವಸೆ ಇಡಬಹುದು, ನಕಲಿಯೂ ಇರುವುದರಿಂದ ಹತ್ತು ಸಲ ಎಳೆದು ನೋಡುವುದು ಮೇಲು.

ಯಾವ ಅಗ್ಗದ ಚೀಲವೂ ಕೊಡಗಿನ ಮಳೆಯನ್ನು ತಡೆಯುವುದಿಲ್ಲ. ಮೇಲೆ ಹಾಕುವ ಮಳೆಹೊದಿಕೆ ಹೊರಗಿನಿಂದ ಬೀಳುವ ನೀರನ್ನು ತಡೆಯುತ್ತದೆ. ಕತ್ತಿನಿಂದ ಬೆನ್ನ ಮೇಲೆ ಇಳಿಯುವ ನೀರು ಬೆನ್ನಿನ ಕಡೆಯಿಂದಲೇ ಒಳಗೆ ಸೇರುತ್ತದೆ. ಪರಿಹಾರ ಸುಲಭ. ದಪ್ಪ ಪ್ಲಾಸ್ಟಿಕ್‌ನ ಹೊಸ ದೊಡ್ಡ ಚೀಲವೊಂದನ್ನು ಒಳಗೆ ಹಾಸಿ, ಎಲ್ಲವನ್ನೂ ಅದರಲ್ಲಿ ತುಂಬಿ, ಬಾಯಿ ತಿರುಚಿ ಮಡಚಿಡಿ. ಗೊಬ್ಬರದ ಹಳೆಯ ಚೀಲದ ಒಳಪದರ ಬೇಡ, ಊಟದ ಸಾಮಾನು ಅದರಲ್ಲೇ ಇರುತ್ತದೆ.

6. ಅಟ್ಟದ ಮೇಲಿನ ಮಿಲಿಟರಿ ಚೀಲ, ಸೆಕೆಂಡ್ ಹ್ಯಾಂಡ್ ಚೀಲ

ಸೈನ್ಯದಲ್ಲಿ ದುಡಿದವರಿಲ್ಲದ ಊರು ಕೊಡಗಿನಲ್ಲಿ ಅಪರೂಪ, ಹಾಗಾಗಿ ಪಿಟ್ಠು ಎಂದು ಕರೆಯುವ ಸೈನಿಕರ ಹಳೆಯ ಕ್ಯಾನ್ವಾಸ್ ಬೆನ್ನುಚೀಲ ಹಲವು ಮನೆಗಳಲ್ಲಿದೆ. ಗಟ್ಟಿಮುಟ್ಟು ಎಂಬುದರಲ್ಲಿ ಎರಡು ಮಾತಿಲ್ಲ, ಅದನ್ನು ಹೊತ್ತವರ ಮೇಲಿನ ಗೌರವವೂ ಬೇರೆಯೇ. ಆದರೆ ಕ್ಯಾನ್ವಾಸ್ ನೆನೆದರೆ ಭಾರ ಏರುತ್ತದೆ, ಒಣಗಲು ದಿನಗಳೇ ಬೇಕು. ಹಳೆಯವುಗಳಲ್ಲಿ ಮೆತ್ತೆಯ ಸೊಂಟಪಟ್ಟಿ ಇರುವುದಿಲ್ಲ. ಮಳೆಯಿಲ್ಲದ ದಿನಗಳ ಗದ್ದೆ ಕಾವಲಿಗೆ, ಹತ್ತಿರದ ತೋಟಕ್ಕೆ ಬಳಸಿ, ಬೆಟ್ಟಕ್ಕೆ ಬೇಡ.

ಬಳಸಿದ ಚೀಲ ಕೊಳ್ಳುವುದಾದರೆ ಒಳಗೆ ಕೈ ಹಾಕಿ ಬಟ್ಟೆಯನ್ನು ಸವರಿ. ನೀರು ತಡೆಯಲು ಒಳಬದಿಗೆ ಬಳಿದ ಪಾಲಿಯುರಿಥೇನ್ ಲೇಪ ತೇವದ ಹವೆಯಲ್ಲಿ ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಅಂಟು ಅಂಟಾಗಿದ್ದರೆ, ಬಿಳಿ ಹೊಪ್ಪಳೆಯಾಗಿ ಏಳುತ್ತಿದ್ದರೆ, ಹುಳಿ ವಾಸನೆ ಬಂದರೆ ಅದನ್ನು ಸರಿಪಡಿಸಲಾಗದು. ನಮ್ಮ ಮಳೆಗಾಲವನ್ನು ಬೀರುವಿನೊಳಗೆ ಕಳೆದ ಚೀಲಗಳಲ್ಲಿ ಇದು ಸಾಮಾನ್ಯ. ಬಕಲ್ ಒಡೆದಿದ್ದರೆ, ಜಿಪ್ ಸಿಕ್ಕಿಕೊಳ್ಳುತ್ತಿದ್ದರೆ ಹಿಂಜರಿಯಬೇಡಿ. ಅವನ್ನು ಬದಲಿಸಬಹುದು, ಆ ನೆಪದಲ್ಲಿ ಬೆಲೆಯನ್ನೂ ಇಳಿಸಬಹುದು.

7. ಹೊರೆ 20 ಕೆ.ಜಿ. ದಾಟಿದರೆ

ಏಲಕ್ಕಿ ಮಲೆಯ ಗುಡಿಸಲಿಗೆ ಅಕ್ಕಿ, ಸಣ್ಣ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್ ಒಯ್ಯುವವರಿಗೆ ಚಾರಣದ ಚೀಲ ಒಗ್ಗುವುದಿಲ್ಲ. ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಂಥ ದೇಶಗಳಲ್ಲಿ ಮಾಂಸ ಹೊತ್ತು ತರಲೆಂದೇ ತಯಾರಾಗುವ ಚೀಲಗಳಿವೆ. ಅವುಗಳಲ್ಲಿ ಚೌಕಟ್ಟು ಬೇರೆ, ಚೀಲ ಬೇರೆ. ಎರಡರ ನಡುವೆ ತೆರೆದುಕೊಳ್ಳುವ ಜಾಗದಲ್ಲಿ ಭಾರದ ವಸ್ತುವನ್ನು ಇಟ್ಟು ಪಟ್ಟಿಗಳಿಂದ ಬಿಗಿಯುತ್ತಾರೆ. ಅತಿ ಭಾರದ್ದು ಬೆನ್ನಿಗೆ ಅಂಟಿಕೊಂಡೇ ಇರುವುದರಿಂದ ನಡೆಯುವವರು ಹಿಂದಕ್ಕೆ ವಾಲುವುದಿಲ್ಲ. ಆ ಚೀಲಗಳನ್ನು ಇಲ್ಲಿಗೆ ತರಿಸುವುದು ದುಬಾರಿ, ತತ್ವ ಮಾತ್ರ ಉಚಿತ. ಹೊರಚೌಕಟ್ಟಿನ ಹಳೆಯ ಚೀಲವೊಂದು ಸಿಕ್ಕರೆ ಅದರ ಚೀಲ ಬಿಚ್ಚಿ, ಬರೀ ಅಲ್ಯೂಮಿನಿಯಂ ಚೌಕಟ್ಟಿಗೆ ಅಕ್ಕಿಮೂಟೆಯನ್ನು ಅಡ್ಡಲಾಗಿ ಎರಡು ಕಡೆ ಬಿಗಿಯಬಹುದು. ಮೂಟೆ ಹೆಗಲುಗಳ ನಡುವಿನ ಎತ್ತರದಲ್ಲಿ ಕೂರಲಿ, ತೂಗಾಡದಿರಲಿ.

ಗಟ್ಟಿ ಆಳಾದರೂ 20 ಕೆ.ಜಿ. ಮೇಲ್ಪಟ್ಟ ಹೊರೆಯನ್ನು ಒದ್ದೆ ಇಳಿಜಾರಿನಲ್ಲಿ ಒಂದೇ ಸಲಕ್ಕೆ ಒಯ್ಯಬೇಡಿ. ಕೂಲಿಗೆ ಬಂದವರ ಬೆನ್ನಿಗೆ ಹೊರಿಸುವಾಗಲೂ ಇದೇ ಮಾತು. ಎರಡು ಸಲ ಹೋಗಿ ಬರಲು ಹಿಡಿಯುವ ಸಮಯಕ್ಕೆ ಕೂಲಿ ಕೊಡುವುದು ಮಾಲೀಕರ ಹೊಣೆ.

8. ತುಂಬುವುದು, ಕಾಪಾಡುವುದು

ಮಲಗುವ ಚೀಲ ತಳಕ್ಕೆ. ಅಕ್ಕಿ, ನೀರು, ಒಲೆ ನಡುವಿನಲ್ಲಿ, ಬೆನ್ನಿಗೆ ಒತ್ತಿಕೊಂಡು. ಬಟ್ಟೆ ಅದರ ಹೊರಗೆ. ಮಳೆಕೋಟು, ಟಾರ್ಚ್, ಜಿಗಣೆಗೆ ಉಪ್ಪಿನ ಪೊಟ್ಟಣ ಮೇಲಿನ ಜೇಬಿಗೆ.

ಮರಳಿ ಬಂದ ದಿನವೇ ಚೀಲವನ್ನು ಪೂರ್ತಿ ಬರಿದು ಮಾಡಿ, ಜೇಬುಗಳನ್ನು ಹೊರಮಗುಚಿ ಕೊಡವಿ. ಕೆಸರಿದ್ದರೆ ತಣ್ಣೀರು, ಸ್ವಲ್ಪ ಸೋಪು, ಮೆತ್ತನೆ ಬ್ರಷ್ ಸಾಕು. ವಾಷಿಂಗ್ ಮೆಷಿನ್ ಬೇಡ. ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಿ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬೀರುವಿನಲ್ಲೂ ಮಂಚದ ಕೆಳಗೂ ತುರುಕಬೇಡಿ. ಗಾಳಿಯಾಡುವ ಕೋಣೆಯಲ್ಲಿ, ಒಲೆಯ ಬಿಸಿ ನೇರವಾಗಿ ತಾಗದ ಕಡೆ, ಜಿಪ್ ತೆರೆದು ತೂಗುಹಾಕಿ. ಬಿಸಿಲು ಬಂದ ದಿನ ಕೋಣೆಯ ಕಿಟಕಿ ತೆರೆಯಿರಿ. ಹೊಲಿಗೆ ಒಂದೆಡೆ ಬಿಟ್ಟಿದ್ದು ಕಂಡರೆ ಮಳೆಗಾಲದಲ್ಲೇ ಪೇಟೆಯಲ್ಲಿ ಚಪ್ಪಲಿ, ಬ್ಯಾಗು ಹೊಲಿಯುವವರ ಬಳಿ ಒಯ್ದು, ಹತ್ತಿಯ ದಾರ ಬೇಡ, ದಪ್ಪ ನೈಲಾನ್ ದಾರದಲ್ಲಿ ಎರಡು ಸಾಲು ಹಾಕಿ ಎಂದು ಹೇಳಿ.