ಮೊದಲ ವಾರವೇ ಸಾಯಿಸುತ್ತೇವೆ: ಆಲ್ಬಿಯನ್‌ನಲ್ಲಿ ಹೊಸಬರ ಗಿಲ್ಡ್ ನಡೆಸಿದ ನನ್ನ ಅನುಭವ

ಆಲ್ಬಿಯನ್ ಆನ್‌ಲೈನ್ ಎಂಬ, ಸಾವಿರಾರು ಜನ ಒಟ್ಟಿಗೆ ಆಡುವ ಗೇಮ್‌ನಲ್ಲಿ ಬರೀ ಹೊಸಬರನ್ನು ಇಟ್ಟುಕೊಂಡು ಗಿಲ್ಡ್ (ಆಟಗಾರರ ಸಂಘ) ನಡೆಸಲು ಆಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಒಂದು ದೊಡ್ಡ ಗಿಲ್ಡ್‌ನ ಆಫೀಸರ್ ಒಬ್ಬರು "ಒಂದು ತಿಂಗಳೂ ನಿಲ್ಲಲ್ಲ ಗುರು, ಸೆಟ್ ಇಸ್ಕೊಂಡು ಓಡಿಹೋಗ್ತಾರೆ" ಎಂದು ನಕ್ಕಿದ್ದರು. ಸೆಟ್ ಅಂದರೆ ಗೇಮ್‌ನಲ್ಲಿ ತೊಡುವ ಬಟ್ಟೆ, ಹಿಡಿಯುವ ಆಯುಧ. ವರ್ಷದ ಮೇಲಾಯಿತು, ಗಿಲ್ಡ್ ನಿಂತಿದೆ. ಈಗ ಅದೇ ಆಫೀಸರ್ "ನಿಮ್ಮಲ್ಲಿ ಪಳಗಿದ ಹೀಲರ್ ಯಾರಾದರೂ ಇದ್ದರೆ ಕಳಿಸಿ" ಎಂದು ಮೆಸೇಜ್ ಮಾಡುತ್ತಾರೆ (ಹೀಲರ್ ಅಂದರೆ ಏಟು ತಿಂದ ಜೊತೆಗಾರರನ್ನು ಗುಣಪಡಿಸುವವರು). ಅದಕ್ಕೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ, ತಪ್ಪೇನಿಲ್ಲ.

ನಾವು ನಲವತ್ತು ಚಿಲ್ಲರೆ ಜನ. ಹೆಚ್ಚಿನವರು ಕೋಲಾರ, ಬಂಗಾರಪೇಟೆ, ಮಾಲೂರು ಕಡೆಯವರು. ಚಿಂತಾಮಣಿಯವರು ಇಬ್ಬರೋ ಮೂವರೋ ಇದ್ದಾರೆ. ಅರ್ಧಕ್ಕರ್ಧ ಜನ ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೆಲಸ ಮಾಡುವವರು. ಆಡುವುದು ಬಹುತೇಕ ಮೊಬೈಲ್‌ನಲ್ಲಿ. ಗಿಲ್ಡ್ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆಯೇ ನಾಲ್ಕು ಜನ ಗಿಲ್ಡ್‌ನ ಚೆಸ್ಟ್ (ಮಾಲು ಇಡುವ ಪೆಟ್ಟಿಗೆ) ನೋಡಲು ಬಂದು ಕೂರುತ್ತಾರೆ.

ಮೊದಲು ಕೆಟ್ಟ ಕಥೆಗಳು. 2021ರ ಜೂನ್‌ನಲ್ಲಿ ಗೇಮ್ ಮೊಬೈಲ್‌ಗೆ ಬಂದಾಗ ನಾನೂ ನಾಲ್ಕೈದು ಗೆಳೆಯರೂ ಸೇರಿ ಒಂದು ಗಿಲ್ಡ್ ಮಾಡಿದೆವು. ಚಾಟ್‌ನಲ್ಲಿ ಕಂಡವರಿಗೆಲ್ಲ ಇನ್ವೈಟ್ ಕಳಿಸಿದೆವು. ಗಿಲ್ಡ್‌ನಲ್ಲಿ 300 ಜನಕ್ಕೆ ಜಾಗ ಇರುತ್ತದಲ್ವಾ, ಇನ್ನೂರರ ಹತ್ತಿರ ತುಂಬಿಸಿಯೂ ಬಿಟ್ಟೆವು. ಯಾವ ಹೊತ್ತಿನಲ್ಲಿ ನೋಡಿದರೂ ಆನ್‌ಲೈನ್ ಇರುತ್ತಿದ್ದವರು ಎಂಟೋ ಹತ್ತೋ. ಅವರಲ್ಲೂ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಟ್ಯಾಕ್ಸ್ 20 ಪರ್ಸೆಂಟ್ ಇಟ್ಟಿದ್ದೆವು. ಹೊಸಬ ಒಂದು ಮಾಬ್ (ಗೇಮ್ ತಾನೇ ನಡೆಸುವ ಮೃಗ, ಶತ್ರು) ಹೊಡೆದು ಸಿಲ್ವರ್ (ಗೇಮ್‌ನ ದುಡ್ಡು) ಎತ್ತಿಕೊಂಡರೆ ಐದರಲ್ಲೊಂದು ಪಾಲು ಸೀದಾ ಗಿಲ್ಡ್ ಖಾತೆಗೆ. ಅದರಿಂದ ಅವನಿಗೆ ಸಿಕ್ಕಿದ್ದೇನು? ಏನೂ ಇಲ್ಲ. ಮಾರ್ಕೆಟ್‌ನಲ್ಲಿ ವ್ಯಾಪಾರ ಮಾಡಿ ದುಡಿಯುವ ಹಳಬನಿಗೆ ಈ ಟ್ಯಾಕ್ಸ್ ತಾಗುವುದೇ ಇಲ್ಲ. ಮಾಬ್ ಹೊಡೆದೇ ಬದುಕುವ ಹೊಸಬನ ಜೇಬಿಗೆ ಮಾತ್ರ ಕತ್ತರಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಸುಮ್ನೆ ಬಿಟ್ಟುಹೋದರು.

ಆಮೇಲೆ ಬೇರೆಯವರ ಗಿಲ್ಡ್‌ನಲ್ಲಿ ಸೇರಿದೆ. ಅಲ್ಲಿ ದಾನಶೂರ ಯಜಮಾನರು. ಗಿಲ್ಡ್ ದ್ವೀಪದ ಚೆಸ್ಟ್ ಎಲ್ಲರಿಗೂ ಓಪನ್, ಬೇಕಾದ್ದು ತಗೊಳ್ಳಿ ಎಂದಿದ್ದರು. ಒಂದು ರಾತ್ರಿ ಯಾರೋ ಪೂರ್ತಿ ಬಳಿದುಕೊಂಡು ಹೋದ. ಲಾಗ್‌ನಲ್ಲಿ ಹೆಸರೇನೋ ಇತ್ತು, ಹೆಸರನ್ನು ಇಟ್ಟುಕೊಂಡು ಏನು ಮಾಡುವುದು? ಹೋದ ಮಾಲು ಹೆಚ್ಚುಕಡಿಮೆ ಮೂವತ್ತು ಲಕ್ಷ ಸಿಲ್ವರ್ ಬೆಲೆಯದು. ಯಜಮಾನರು ಅಲ್ಲಿಂದ ಯಾರನ್ನೂ ನಂಬಲಿಲ್ಲ. ಗಿಲ್ಡ್ ಎರಡೇ ವಾರದಲ್ಲಿ ಖಾಲಿ.

2023ರ ಮಾರ್ಚ್‌ನಲ್ಲಿ ಏಷ್ಯಾ ಸರ್ವರ್ ತೆರೆಯಿತು. ಎಲ್ಲರೂ ಸೊನ್ನೆಯಿಂದ ಶುರು. ನನಗೆ ಹಳೇ ಸರ್ವರ್‌ನಲ್ಲಿ 250ರ ಆಸುಪಾಸು ಬರುತ್ತಿದ್ದ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು) ಇಲ್ಲಿ ಮೂರನೇ ಒಂದು ಭಾಗಕ್ಕೂ ಕೆಳಗೆ ಇಳಿಯಿತು. ಪಿಂಗ್ ಸರಿಯಿದ್ದರೆ ಹೊಸಬನೂ ಓಡಿ ತಪ್ಪಿಸಿಕೊಳ್ಳಬಹುದು. ಮತ್ತೆ ಗಿಲ್ಡ್ ಮಾಡೋಣ ಎಂಬ ಹುಚ್ಚು ಹತ್ತಿದ್ದೇ ಅದಕ್ಕೆ.

ಈ ಸಲ ಹೊಸಬರು ಯಾಕೆ ಬಿಡುತ್ತಾರೆ ಎಂದು ಸ್ವಲ್ಪ ಗಮನಿಸಿದೆ. ಸತ್ತಿದ್ದಕ್ಕೆ ಬಿಡುವವರು ಕಡಿಮೆ. ಸಾಯುತ್ತೇನೆ ಎಂಬ ಭಯಕ್ಕೇ ಬಿಡುವವರು ಜಾಸ್ತಿ. ರೆಡ್ ಝೋನ್‌ನಲ್ಲಿ, ಅಂದರೆ ಬೇರೆ ಆಟಗಾರರು ಕೊಂದು ದೋಚಬಹುದಾದ ಜಾಗದಲ್ಲಿ, ಸತ್ತರೆ ಮೈಮೇಲಿನದು, ಬ್ಯಾಗ್‌ನಲ್ಲಿರುವುದು, ಹತ್ತಿರುವ ಕುದುರೆ, ಎಲ್ಲಾ ಹೋಗುತ್ತದೆ. ಅದು ಗೊತ್ತಾದ ಮೇಲೆ ಹೊಸಬ ಸುರಕ್ಷಿತವಾದ ಬ್ಲೂ ಝೋನ್ ಬಿಟ್ಟು ಅಲ್ಲಾಡುವುದಿಲ್ಲ. ಒಳ್ಳೆಯ ಸೆಟ್ ಕೊಂಡು ಬ್ಯಾಂಕಿನಲ್ಲಿ ಮುಚ್ಚಿಡುತ್ತಾನೆ. ತಿಂಗಳುಗಟ್ಟಲೆ ಅದೇ ಮೊಲ, ಅದೇ ನರಿ. ಒಂದು ದಿನ ಬೇಜಾರಾಗಿ ಲಾಗಿನ್ ಆಗುವುದೇ ನಿಲ್ಲಿಸುತ್ತಾನೆ.

ಹಾಗಾದರೆ ಮೊದಲ ವಾರವೇ ಸಾಯಿಸೋಣ, ನಮ್ಮ ಖರ್ಚಿನಲ್ಲಿ. ನನ್ನ ಐಡಿಯಾ ಇಷ್ಟೇ.

ಸೇರಿದವನಿಗೆ ಐದು ಸೆಟ್. ಐದೂ ಒಂದೇ ಥರ, ಟಿ-4 (ನಾಲ್ಕನೇ ದರ್ಜೆ), ಎನ್‌ಚಾಂಟ್ (ಮಂತ್ರದ ಹೆಚ್ಚುವರಿ ಶಕ್ತಿ) ಇಲ್ಲದ್ದು. ಟೋಪಿ, ಮೇಲಂಗಿ, ಶೂ ಮೂರೂ ಲೆದರ್. ಆಯುಧವೂ ನಾನು ಹೇಳಿದ್ದೇ. ಯಾವ ಆಯುಧ ಎಂದು ಕೇಳಬೇಡಿ, ಅದನ್ನು ಹೇಳಿದರೆ ಮಾರ್ಕೆಟ್‌ನಲ್ಲಿ ಅದರ ಬೆಲೆ ಏರುತ್ತದೆ, ನನ್ನ ಗಂಟು ಹೋಗುತ್ತದೆ. ಕುದುರೆ ಸೇರಿ ಒಂದು ಸೆಟ್‌ಗೆ ಮೂವತ್ತೈದು, ನಲವತ್ತು ಸಾವಿರ ಸಿಲ್ವರ್ ಬೀಳುತ್ತಿತ್ತು. ಐದಕ್ಕೆ ಎರಡು ಲಕ್ಷದ ಒಳಗೆ. ಹಳಬರಿಗೆ ಇದು ಒಂದು ಗಂಟೆಯ ದುಡಿಮೆ, ಹೊಸಬನಿಗೆ ದೊಡ್ಡ ಗಂಟು.

ಸೆಟ್‌ಗಳನ್ನು ಕೈಗೆ ಕೊಡುವುದಿಲ್ಲ. ಗಿಲ್ಡ್ ದ್ವೀಪದ ಚೆಸ್ಟ್‌ನಲ್ಲಿ ಒಂದೊಂದು ಗುಂಪಿಗೆ ಒಂದೊಂದು ಟ್ಯಾಬ್. ಪರ್ಮಿಷನ್ ಆ ಗುಂಪಿನವರಿಗೆ ಮಾತ್ರ. ಒಬ್ಬ ಕಳ್ಳ ಬಂದರೂ ಹೋಗುವುದು ಒಂದು ಟ್ಯಾಬ್. ಇದುವರೆಗೆ ಎರಡು ಸಲ ಹೋಗಿದೆ, ಸೇರಿಸಿದರೆ ಏಳೆಂಟು ಲಕ್ಷ. ಬಿಡಿ, ಅದು ಲೆಕ್ಕದೊಳಗಿನ ಖರ್ಚು.

ಭಾನುವಾರ ಸಂಜೆ ಐದಾರು ಹೊಸಬರು, ಒಬ್ಬ ಹಳಬ, ಎಲ್ಲರೂ ರೆಡ್ ಝೋನ್‌ಗೆ. ಯಾವ ಮ್ಯಾಪ್ ಎಂಬುದನ್ನೂ ಹೇಳುವುದಿಲ್ಲ, ಗೇಟಿನ ಹತ್ತಿರವೇ ಗ್ಯಾಂಕರ್‌ಗಳು (ಹೊಂಚು ಹಾಕಿ ಕೊಲ್ಲುವ ಆಟಗಾರರು) ಕಾಯುವ ಒಂದು ಜಾಗ ಅಂದರೆ ಸಾಕು. ಮೊದಲ ಸಲ ಎಲ್ಲರೂ ಸಾಯುತ್ತಾರೆ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ವಾಯ್ಸ್‌ನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಟ್ಟಿಗೆ ಕಿರುಚಾಟ. ಊರಿಗೆ ವಾಪಸ್ ಬಂದು ಎರಡನೇ ಸೆಟ್ ಹಾಕಿಕೊಂಡು ಮತ್ತೆ ಹೊರಡುತ್ತೇವೆ. ಮೂರನೇ ಸೆಟ್ ಹೊತ್ತಿಗೆ ಒಂದು ಬದಲಾವಣೆ ಕಾಣುತ್ತದೆ. ರೆಡ್ ಝೋನ್‌ನಲ್ಲಿ ಎಷ್ಟು ಜನ ಹೊಡೆಯಲು ಬಂದಿದ್ದಾರೆ ಎಂಬ ನಂಬರ್ ಸ್ಕ್ರೀನ್ ಮೇಲೆ ಕಾಣುತ್ತದಲ್ಲ, ಹುಡುಗರ ಕಣ್ಣು ತಾನಾಗಿಯೇ ಅದರ ಮೇಲೆ ಹೋಗುತ್ತದೆ. ನಾಲ್ಕನೇ ಸೆಟ್‌ಗೆ ಯಾರೋ ಒಬ್ಬ "ಪರಿಗೆತ್ತು" (ತೆಲುಗಿನಲ್ಲಿ ಓಡು) ಎಂದು ಕೂಗುತ್ತಾನೆ, ಮೂವರು ಬದುಕಿ ಬರುತ್ತಾರೆ. ಐದನೆಯದು ಹಲವರಲ್ಲಿ ಉಳಿದೇ ಬಿಡುತ್ತದೆ. ಅದನ್ನು ವಾಪಸ್ ಕೊಡಬೇಕಿಲ್ಲ.

ಮಾಲೂರಿನ ಒಬ್ಬ ಹುಡುಗ ಮೊದಲ ಭಾನುವಾರ ಐದೂ ಸೆಟ್ ಕಳೆದು "ಸರ್, ಇನ್ನೊಂದೈದು ಕೊಡ್ರಿ" ಎಂದ. ಕೊಟ್ಟೆ. ಈಗ ಹೊಸಬರನ್ನು ಕರೆದುಕೊಂಡು ಹೋಗುವವನು ಅವನೇ.

ಈಗ ದುಡ್ಡಿನ ವಿಷಯ. ಟ್ಯಾಕ್ಸ್ ಮೊದಲ ತಿಂಗಳುಗಳಲ್ಲಿ ಸೊನ್ನೆ ಇಟ್ಟೆ. ಈಗ 5. ಹಾಗಾದರೆ ಸೆಟ್‌ಗೆ ಸಿಲ್ವರ್ ಎಲ್ಲಿಂದ? ನಮ್ಮೂರಲ್ಲಿ ಚೀಟಿ ಹಾಕದ ಮನೆ ಇಲ್ಲ. ಅದೇ ಲೆಕ್ಕ. ಚೀಟಿ ಎತ್ತಿದವನು ಕಂತು ಕಟ್ಟಬೇಕು. ಆದರೆ ಕಂತು ಸಿಲ್ವರ್ ಅಲ್ಲ, ತೊಗಲು. ಹೊಸಬನ ಹತ್ತಿರ ಸಿಲ್ವರ್ ಇರುವುದಿಲ್ಲ, ಸಮಯ ಇರುತ್ತದೆ. ವಾರಕ್ಕೆ ನೂರೈವತ್ತು ಟಿ-4 ತೊಗಲು ಸುಲಿದು ಟ್ಯಾಬ್‌ಗೆ ಹಾಕಬೇಕು. ಬ್ಲೂ, ಯೆಲ್ಲೋ ಝೋನ್‌ನಲ್ಲೇ ಸಿಗುತ್ತದೆ.

ಲೆಕ್ಕ ಹೀಗೆ. ಮೇಲಂಗಿಗೆ 16 ಲೆದರ್, ಟೋಪಿಗೆ 8, ಶೂಗೆ 8. ಒಟ್ಟು 32. ಒಂದೊಂದು ಟಿ-4 ಲೆದರ್‌ಗೆ ಎರಡು ತೊಗಲು, ಒಂದು ಟಿ-3 ಲೆದರ್. ಅಂದರೆ 64 ತೊಗಲು. ಆದರೆ ಗೇಮ್‌ನ ಮಾರ್ಟ್‌ಲಾಕ್ ಎಂಬ ಊರಿನಲ್ಲಿ ಹದ ಮಾಡಿದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ವಾಪಸ್ ಬರುತ್ತದೆ, ಫೋಕಸ್ (ದಿನಾ ಸಿಗುವ ಕೆಲಸದ ಅಂಕ) ಖರ್ಚಿಲ್ಲದೆ. ಹಾಗಾಗಿ ನಿಜವಾಗಿ ಬೀಳುವುದು ನಲವತ್ತರ ಹತ್ತಿರ. ಒಬ್ಬನ ವಾರದ ಕಂತಿನಲ್ಲಿ ಮೂರು ಸೆಟ್‌ನ ಬಟ್ಟೆ ಆಗುತ್ತದೆ. ಟಿ-3 ಲೆದರ್ ಅಗ್ಗ, ಆಯುಧ ಮತ್ತು ಕುದುರೆ ಮಾರ್ಕೆಟ್‌ನಿಂದ. ಅದಕ್ಕೆ ಆ 5 ಪರ್ಸೆಂಟ್ ಸಾಕಾಗುತ್ತದೆ. ನಾನು ಲೆದರ್ ಸೆಟ್ ಹಿಡಿದದ್ದೂ, ಮಾರ್ಟ್‌ಲಾಕ್‌ನಲ್ಲಿ ಕೂತದ್ದೂ ಇದಕ್ಕೇ. ಚಂದ ಕಾಣುತ್ತದೆ ಅಂತಲ್ಲ.

ಇಲ್ಲಿಗೆ ಬರುವ ಮೊದಲು ಕೈಯಿಂದ ಹೋದ ದುಡ್ಡೂ ಇದೆ. ಪ್ರೀಮಿಯಂ (ಹೆಚ್ಚಿನ ಸೌಲಭ್ಯದ ಚಂದಾ), ಗೋಲ್ಡ್ (ನಿಜದ ದುಡ್ಡಿಗೆ ಸಿಗುವ ಗೇಮ್ ನಾಣ್ಯ) ಎಂದು ನಾಲ್ಕೈದು ಸಾವಿರ ರೂಪಾಯಿ ಹಾಕಿದ್ದೆ. ಆ ಗೋಲ್ಡ್ ಮಾರಿ ಸಿಲ್ವರ್ ಮಾಡಿಕೊಂಡು ಮೊದಲ ಬ್ಯಾಚಿಗೆ ಸೆಟ್ ಹೊಂದಿಸಿದ್ದು. ಅಮ್ಮನಿಗೆ ಗೊತ್ತಾಗಿ "ಅಷ್ಟರಲ್ಲಿ ಒಂದು ಮಿಕ್ಸಿ ಬರ್ತಿತ್ತಲ್ಲೋ" ಎಂದರು. ಬರುತ್ತಿತ್ತು. ಈಗ ಪ್ರೀಮಿಯಂ ಸಿಲ್ವರ್‌ನಲ್ಲೇ ಬರುತ್ತದೆ, ಮಿಕ್ಸಿಯೂ ಬಂದಿದೆ.

ಲೂಟ್ (ಹೊಡೆದು ಗಳಿಸಿದ ಮಾಲು) ಹಂಚುವುದರಲ್ಲಿ ತುಂಬಾ ಜಗಳ ಕಂಡಿದ್ದೇನೆ. ಎಕ್ಸೆಲ್ ಶೀಟ್ ಮಾಡಿದ್ದೆವು, ಶೀಟ್ ಬಗ್ಗೆಯೇ ಜಗಳವಾಯಿತು. ಈಗ ಅಂದಂದಿನದು ಅಂದೇ. ಡಂಜನ್ (ಗುಂಪಾಗಿ ನುಗ್ಗಿ ಮಾಬ್ ಹೊಡೆಯುವ ನೆಲಮಾಳಿಗೆ) ಮುಗಿದ ತಕ್ಷಣ ಎಲ್ಲಾ ಲೂಟ್ ಪ್ರೀಮಿಯಂ ಇರುವ ಒಬ್ಬನ ಕೈಗೆ. ಅವನು ಮಾರಿದರೆ ಮಾರ್ಕೆಟ್ ಟ್ಯಾಕ್ಸ್ 4 ಪರ್ಸೆಂಟ್, ಪ್ರೀಮಿಯಂ ಇಲ್ಲದವನು ಮಾರಿದರೆ 8. ಆರ್ಡರ್ ಹಾಕಿ ಕಾಯುವುದಿಲ್ಲ, ಅದಕ್ಕೆ ಇನ್ನೂ ಎರಡೂವರೆ ಪರ್ಸೆಂಟ್ ಹೋಗುತ್ತದೆ, ಮೇಲೆ ಎಲ್ಲರೂ "ಮಾರಾಟ ಆಯ್ತಾ, ಆಯ್ತಾ" ಎಂದು ತಲೆ ತಿನ್ನುತ್ತಾರೆ. ಸೀದಾ ಇರುವ ಬೆಲೆಗೆ ಕೊಟ್ಟು, ಸಿಲ್ವರ್ ಹಂಚಿ, ಲಾಗ್‌ಔಟ್. ಸ್ವಲ್ಪ ನಷ್ಟ, ಜಾಸ್ತಿ ನೆಮ್ಮದಿ.

ಹೀಲರ್‌ಗೆ ಒಂದೂವರೆ ಪಾಲು. ಇದಕ್ಕೆ ಹಳಬರೆಲ್ಲ ಬೈದರು. ಆದರೆ ಹೊಸಬರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನಕ್ಕೆ ಬಿಲ್ಲೋ ದೊಡ್ಡ ಕತ್ತಿಯೋ ಬೇಕು. ಒಂದೂವರೆ ಪಾಲು ಎಂದ ಮೇಲೆ ವಾರದೊಳಗೆ ಮೂವರು ಹೋಲಿ ಸ್ಟಾಫ್ (ಹೀಲರ್‌ನ ದಂಡ) ಹಿಡಿದರು. ಅದರಲ್ಲಿ ಒಬ್ಬರು ಬಂಗಾರಪೇಟೆಯ ಅಕ್ಕ, ಇಬ್ಬರು ಮಕ್ಕಳ ತಾಯಿ, ಮಕ್ಕಳು ಮಲಗಿದ ಮೇಲೆ ಆಡುವವರು. ಅವರಿದ್ದರೆ ನಾನು ಮ್ಯಾಪ್ ನೋಡದೆಯೇ ನುಗ್ಗುತ್ತೇನೆ.

ಗುಂಪು ಮಾಡುವುದು ಲೆವೆಲ್ ನೋಡಿ ಅಲ್ಲ, ಶಿಫ್ಟ್ ನೋಡಿ. ಫಸ್ಟ್ ಶಿಫ್ಟ್‌ನವರು ಸಂಜೆ ಆಡುತ್ತಾರೆ, ಸೆಕೆಂಡ್ ಶಿಫ್ಟ್‌ನವರು ರಾತ್ರಿ ಹನ್ನೊಂದರ ಮೇಲೆ, ನೈಟ್‌ನವರು ಮಧ್ಯಾಹ್ನ ಎದ್ದ ಮೇಲೆ. ಐವರಿಗೆ ಒಂದು ಗುಂಪು, ಡಂಜನ್‌ಗೂ ಅಷ್ಟೇ ಬೇಕಾದದ್ದು. ಶಿಫ್ಟ್ ಬದಲಾದರೆ ಗುಂಪೂ ಬದಲು. ದೊಡ್ಡ ಗಿಲ್ಡ್‌ಗಳು "ರಾತ್ರಿ ಒಂಬತ್ತಕ್ಕೆ ಎಲ್ಲರೂ ಬರಲೇಬೇಕು" ಎನ್ನುತ್ತವೆ. ನರಸಾಪುರದಲ್ಲಿ ಲೈನ್ ಮೇಲೆ ನಿಂತವನು ಒಂಬತ್ತಕ್ಕೆ ಹೇಗೆ ಬರುತ್ತಾನೆ?

ನಡುವೆ ಕೆಲವು ತರಲೆ ಪ್ರಯೋಗಗಳೂ ಆದವು. ಗಿಲ್ಡ್ ದ್ವೀಪದಲ್ಲಿ ಕೃಷಿ ಮಾಡಿದೆವು. ಕೋಲಾರದವರಿಗೆ ಕೃಷಿ ಹೇಳಿಕೊಡಬೇಕೇ? ಟೊಮೇಟೊ ಇಲ್ಲ ಎಂದು ಮೊದಲ ದಿನವೇ ದೂರು ಬಂತು. ಇರುವುದು ಕ್ಯಾರೆಟ್, ಬೀನ್ಸ್, ಗೋಧಿ, ಟರ್ನಿಪ್, ಎಲೆಕೋಸು ಇಂಥವು. ಬೆಳೆ 22 ಗಂಟೆಗೆ ಬರುತ್ತದೆ. ಟರ್ನಿಪ್ ಹಾಕಿ ಸಾಲಡ್ ಮಾಡಿ ಮಾರಲು ನೋಡಿದೆವು. ನೀರು ಹಾಕಲು ಫೋಕಸ್ ಬೇಕು, ಫೋಕಸ್‌ಗೆ ಪ್ರೀಮಿಯಂ ಬೇಕು, ಅದು ಹೊಸಬರ ಹತ್ತಿರ ಇಲ್ಲ. ಬೀಜದ ದುಡ್ಡೂ ಸರಿಯಾಗಿ ಹುಟ್ಟಲಿಲ್ಲ. ಎಲ್ಲರೂ ಒಂದೇ ಬೆಳೆ ಹಾಕಿ ಬೆಲೆ ಬೀಳಿಸಿಕೊಳ್ಳುವುದು ಇಲ್ಲೂ ತಪ್ಪಲಿಲ್ಲ. ಈಗ ಒಬ್ಬರೇ ಮುಳಬಾಗಿಲಿನ ಅಣ್ಣ ಹಠ ಹಿಡಿದು ಬೆಳೆಯುತ್ತಾರೆ. ಲಾಭ ಎಷ್ಟು ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಇನ್ನೊಂದು ರೈಲಿನ ಪ್ರಯೋಗ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ಓಡಾಡುವ ನಾಲ್ಕು ಜನ ನಮ್ಮಲ್ಲಿದ್ದಾರೆ. ಬೆಳಗಿನ ರೈಲಿನಲ್ಲಿ ಒಂದು ಡಂಜನ್ ಮುಗಿಸಬಹುದು ಎಂದು ಲೆಕ್ಕ ಹಾಕಿದೆವು. ನಡುವೆ ಸಿಗ್ನಲ್ ಹೋಗುತ್ತದೆ. ಸಿಗ್ನಲ್ ಹೋದರೂ ನಮ್ಮ ಕ್ಯಾರೆಕ್ಟರ್ ಅಲ್ಲೇ ಸ್ವಲ್ಪ ಹೊತ್ತು ಕಂಬದ ಹಾಗೆ ನಿಂತಿರುತ್ತದೆ. ಮೂರು ಸಲ ಟ್ಯಾಂಕ್ (ಮುಂದೆ ನಿಂತು ಏಟು ತಿನ್ನುವವನು) ಹೀಗೆ ನಿಂತು ಎಲ್ಲರನ್ನೂ ಸಾಯಿಸಿದ. ಈಗ ರೈಲಿನಲ್ಲಿ ತೊಗಲು ಸುಲಿಯುವುದು ಮಾತ್ರ, ಅದೂ ಬ್ಲೂ ಝೋನ್‌ನಲ್ಲಿ. ಕಂತಿನ ಅರ್ಧ ತೊಗಲು ಬರುವುದೇ ರೈಲಿನಿಂದ ಅಂದರೆ ನಂಬಬೇಕು.

ಫಲ ಏನು? ಮೊದಲಿನ ಗಿಲ್ಡ್‌ನಲ್ಲಿ ಹತ್ತು ಜನ ಸೇರಿದರೆ ಎರಡು ತಿಂಗಳ ಮೇಲೆ ಒಬ್ಬರೋ ಇಬ್ಬರೋ ಉಳಿಯುತ್ತಿದ್ದರು. ಈಗ ಆರೇಳು ಜನ ಉಳಿಯುತ್ತಾರೆ. ಬಾಯಿಲೆಕ್ಕ, ಆದರೆ ಸುಳ್ಳಲ್ಲ. ಸೇರಿಸಿಕೊಳ್ಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ, ಗೇಮ್‌ಗೆ ಸಂಬಂಧವೇ ಇಲ್ಲದ ಪ್ರಶ್ನೆ. ಅದಕ್ಕೆ ಬರುವ ಉತ್ತರದಲ್ಲಿ ಕಳ್ಳ ಯಾರು, ಸೋಮಾರಿ ಯಾರು ಎಂದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಪಳಗಿದವರು ಬ್ಲ್ಯಾಕ್ ಝೋನ್ (ಗಿಲ್ಡ್‌ಗಳು ನೆಲಕ್ಕಾಗಿ ಹೊಡೆದಾಡುವ ಜಾಗ) ಆಸೆಗೆ ದೊಡ್ಡ ಗಿಲ್ಡ್‌ಗೆ ಹೋಗುತ್ತಾರೆ. ತಡೆಯುವುದಿಲ್ಲ. ಹೋಗುವಾಗ ಬಾಕಿ ಕಂತು ತೀರಿಸಿ, ಒಬ್ಬ ಹೊಸಬನಿಗೆ ಐದು ಸೆಟ್ ಇಟ್ಟು ಹೋಗಬೇಕು, ಅಷ್ಟೇ ಷರತ್ತು. ಇಬ್ಬರು ಬಿಟ್ಟರೆ ಎಲ್ಲರೂ ಇಟ್ಟು ಹೋಗಿದ್ದಾರೆ. ಆ ಇಬ್ಬರು ಈಗ ಎಲ್ಲಿದ್ದಾರೆ ಎಂದು ನಮ್ಮ ಹುಡುಗರಿಗೆ ಗೊತ್ತು, ರೆಡ್ ಝೋನ್‌ನಲ್ಲಿ ಸಿಕ್ಕಾಗ ಬಡ್ಡಿ ವಸೂಲಿ ನಡೆಯುತ್ತಿರುತ್ತದೆ.

ಸದ್ಯಕ್ಕೆ ಸಂಜೆ ಗುಂಪುಗಳು ತುಂಬಿವೆ. ಸೆಕೆಂಡ್ ಶಿಫ್ಟ್ ಗುಂಪಿಗೆ ಒಬ್ಬ ಹೀಲರ್ ಬೇಕು, ರಾತ್ರಿ ಹನ್ನೊಂದೂವರೆಗೆ ಎಚ್ಚರವಿರುವವರು. ಬಿಲ್ಲು ಹಿಡಿದು ಬರಬೇಡಿ, ಬಿಲ್ಲಿನವರು ಈಗಾಗಲೇ ಒಂಬತ್ತು ಜನ ಇದ್ದಾರೆ.