ಲ್ಯಾಕ್ಟೇಟ್ ಯಂತ್ರವಿಲ್ಲದೆ ಸೆಪ್ಟಿಕ್ ಶಾಕ್: ಕೋಲಾರದ ಐಸಿಯುನಲ್ಲಿ ನಮ್ಮ ಅನುಭವ

ಸೋಂಕಿನಿಂದ ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದಾಗುವುದೇ ಸೆಪ್ಟಿಕ್ ಶಾಕ್. ಗಾಜಿನ ಸ್ಲೈಡ್ ಬೆರಳಿಗೆ ಒತ್ತಿ ಅದನ್ನು ಅಳೆಯುತ್ತೇವೆ ಎಂದಾಗ ಬೆಂಗಳೂರಿನ ಸಹೋದ್ಯೋಗಿಗಳು ನಂಬಲಿಲ್ಲ. ಈಗ ಅವರೇ ಫೋನ್ ಮಾಡಿ ವಿಧಾನ ಕೇಳುತ್ತಾರೆ. ಅಂಗಾಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್‌ನ ಪರೀಕ್ಷೆಯನ್ನು ಹೊರಗೆ ಮಾಡಿಸಿದರೆ ಸಲಕ್ಕೆ ಸಾವಿರದ ಹತ್ತಿರ. ಎರಡೆರಡು ಗಂಟೆಗೊಮ್ಮೆ ಕಳಿಸಿದರೆ ಮೊದಲ ದಿನವೇ ಮನೆಯವರ ಕೈ ಖಾಲಿ. ಸ್ಲೈಡ್‌ಗೆ ಎರಡೋ ಮೂರೋ ರೂಪಾಯಿ.

ಬಲಗೈ ತೋರುಬೆರಳಿನ ತುದಿಯ ಒಳಭಾಗಕ್ಕೆ ಸ್ಲೈಡ್ ಒತ್ತಿ, ಚರ್ಮ ಬಿಳುಚಿದ ಮೇಲೆ 10 ಸೆಕೆಂಡ್ ಹಾಗೇ ಹಿಡಿದು ಬಿಡಬೇಕು. ಬಣ್ಣ ಮರಳಲು 3 ಸೆಕೆಂಡ್ ಮೀರಿದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ, ಚಿಕಿತ್ಸೆ ಸಾಲದು ಎಂದರ್ಥ. ಸರಿಹೋಗುವವರೆಗೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ. 2019ರ ಆಂಡ್ರೊಮೆಡಾ-ಶಾಕ್ ಅಧ್ಯಯನದ ಕ್ರಮವಿದು. ಅಲ್ಲಿ 28 ದಿನದೊಳಗಿನ ಸಾವು ಬೆರಳು ನೋಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ 34.9%, ಲ್ಯಾಕ್ಟೇಟ್ ಗುಂಪಿನಲ್ಲಿ 43.4%. ಸಂಖ್ಯಾಶಾಸ್ತ್ರದ ಗೆರೆಯನ್ನು ಆ ವ್ಯತ್ಯಾಸ ದಾಟಲಿಲ್ಲ, ನಿಜ. ಯಂತ್ರವಿಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ ಎನ್ನಲು ಅಷ್ಟು ಸಾಕು.

ಮೊದಮೊದಲು ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಡಿಸೆಂಬರ್ ಚಳಿಗೆ ಎಸಿಯೂ ಸೇರಿದರೆ ಚೆನ್ನಾಗಿರುವ ರೋಗಿಯ ಬೆರಳೂ 5 ಸೆಕೆಂಡ್ ತೋರಿಸುತ್ತದೆ, ಸುಮ್ಮನೆ ಡ್ರಿಪ್ ದ್ರವ ಏರುತ್ತದೆ. ರಾತ್ರಿ ಪಾಳಿಯಲ್ಲಿ ಬಾಯಲ್ಲೇ ಎಣಿಸಿದರೆ ಸೆಕೆಂಡು ಕುಗ್ಗುತ್ತದೆ. ಸ್ಟಾಪ್‌ವಾಚ್ ಕಡ್ಡಾಯ ಮಾಡಿದೆವು. ಕಪ್ಪು ಚರ್ಮಕ್ಕೆ ಟಾರ್ಚ್ ಓರೆಯಾಗಿ ಹಿಡಿಯಬೇಕು. ಕೈ ಬೆಚ್ಚಗಾಗಿಸಲು ನಮ್ಮ ಸಿಸ್ಟರ್‌ಗಳು ಕಂಡುಕೊಂಡ ಉಪಾಯವೊಂದಿದೆ, ಅದನ್ನು ಬಂದು ನೋಡಿಯೇ ಕಲಿಯಬೇಕು. ಮೊಣಕಾಲಿನ ಮೇಲೂ ಒತ್ತಿ ನೋಡಿದೆವು. ನೋಡುವ ಕಣ್ಣಿಗೊಂದು ಲೆಕ್ಕ ಬಂತು, ಬಿಟ್ಟೆವು.

ಮಾರ್ಗಸೂಚಿಯಲ್ಲಿ ದ್ರವ 3 ಗಂಟೆಯಲ್ಲಿ ಕೆಜಿಗೆ 30 ಮಿ.ಲೀ. ಎಂದಿದ್ದರೂ ನಾವು 250 ಮಿ.ಲೀ.ನಂತೆ ಕೊಟ್ಟು, ಪ್ರತಿ ಸಲ ಶ್ವಾಸಕೋಶದ ಬುಡ ಆಲಿಸುತ್ತೇವೆ. ಕ್ರೆಪ್ಸ್ (ಶ್ವಾಸಕೋಶದಲ್ಲಿ ನೀರು ಸೇರಿದಾಗಿನ ಚಟಚಟ ಸದ್ದು) ಕೇಳಿದರೆ ನಿಲ್ಲಿಸಿ. ಬಿಪಿಯ ಸರಾಸರಿ 65 ಮುಟ್ಟದಿದ್ದರೆ ದೊಡ್ಡ ರಕ್ತನಾಳಕ್ಕೆ ಇಳಿಸುವ ಸೆಂಟ್ರಲ್ ಲೈನ್‌ಗೆ ಕಾಯದೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್: 4 ಮಿ.ಗ್ರಾಂ 250 ಮಿ.ಲೀ. ಡೆಕ್ಸ್‌ಟ್ರೋಸ್‌ನಲ್ಲಿ, ಮೊಣಕೈ ಕೆಳಗಿನ ದಪ್ಪ ರಕ್ತನಾಳಕ್ಕೆ 18 ಗೇಜ್ ಸೂಜಿ ಹಾಕಿ. 60 ಕೆಜಿಯವರಿಗೆ ಗಂಟೆಗೆ 22 ಮಿ.ಲೀ. ಎಂದರೆ ಕೆಜಿಗೆ ನಿಮಿಷಕ್ಕೆ ಸುಮಾರು 0.1 ಮೈಕ್ರೋಗ್ರಾಂ. ಮಣಿಕಟ್ಟಿನ ಸೂಜಿ ಬೇಡ. ಹೊರಗೆ ಸೋರಿದರೆ ಚರ್ಮ ಕೊಳೆಯುತ್ತದೆ. ಗಂಟೆಗೊಮ್ಮೆ ಮುಟ್ಟಿ ನೋಡಲೇಬೇಕು.

ಇದೆಲ್ಲದಕ್ಕೂ ಮೊದಲು, ಯಾವ ರೋಗಾಣು ಎಂದು ತಿಳಿಯಲು ರಕ್ತದ ಕಲ್ಚರ್ ತೆಗೆದು, ಒಂದು ಗಂಟೆಯೊಳಗೆ ಆಂಟಿಬಯೋಟಿಕ್. ಹೊಲದಲ್ಲಿ ದುಡಿಯುವವರಾದರೆ ಕಂಕುಳು, ತೊಡೆಸಂದು ತಪ್ಪದೆ ನೋಡಿ. ಕಪ್ಪು ಹಕ್ಕಳೆ ಕಂಡರೆ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂದೇ ಅನುಮಾನಿಸಿ. ಸೆಫ್ಟ್ರಿಯಾಕ್ಸೋನ್ ಸುರಿದರೂ ಕೇಳುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು.

ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಬೆಂಗಳೂರಿಗೆ ಎಪ್ಪತ್ತು ಕಿ.ಮೀ. ದಾರಿ. ಸತತ ಎರಡು ಅಳತೆ 3 ಸೆಕೆಂಡಿನೊಳಗೆ ಬಾರದೆ, ಔಷಧ ಹರಿಸುವ ಪಂಪಿನ ಬ್ಯಾಟರಿ ಪೂರ್ತಿ ತುಂಬದೆ ಆಂಬುಲೆನ್ಸ್ ಹತ್ತಿಸುವುದಿಲ್ಲ.