ಹೆವಿ ಲೈಸೆನ್ಸ್ ಮಾಡಿಸಿದ ನನ್ನ ಅನುಭವ

ಲಾರಿ, ಬಸ್ ಓಡಿಸಬೇಕು ಅಂತ ಆಸೆ ಇರುವ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ: "ಅಣ್ಣ, ಹೆವಿ ಲೈಸೆನ್ಸ್ ಎಷ್ಟು ದಿನಕ್ಕೆ ಕೈಗೆ ಬರುತ್ತೆ?" ಕಾರಿನ ಲೈಸೆನ್ಸ್ ಮಾಡಿಸಿ ಎಷ್ಟು ದಿನ ಆಯ್ತು ಅಂತ ನಾನು ತಿರುಗಿ ಕೇಳುತ್ತೇನೆ. ಲೆಕ್ಕ ಶುರುವಾಗುವುದೇ ಅಲ್ಲಿಂದ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಎಲ್ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಲೈಸೆನ್ಸ್ ಬಂದು ಒಂದು ವರ್ಷ ತುಂಬದೆ ಹೆವಿಗೆ ಎಲ್ಎಲ್ಆರ್ (ಕಲಿಯುವವರ ಲೈಸೆನ್ಸ್) ಸಿಗುವುದಿಲ್ಲ. ವಯಸ್ಸೂ 20 ಆಗಿರಬೇಕು. ಮೊದಲು 8ನೇ ಕ್ಲಾಸ್ ಪಾಸಾಗಿರಬೇಕಿತ್ತು, ಆ ನಿಯಮವನ್ನು 2019ರಲ್ಲಿ ತೆಗೆದರು. ಒಳ್ಳೆಯದೇ ಆಯ್ತು. ಶಾಲೆ ಬಿಟ್ಟ ಎಷ್ಟೋ ಹುಡುಗರ ಕೈಯಲ್ಲಿ ಒಳ್ಳೆಯ ಡ್ರೈವಿಂಗ್ ಇದೆ.

ಆ ಒಂದು ವರ್ಷ ಸುಮ್ನೆ ಕಾಯುವ ವರ್ಷ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಆ ವರ್ಷ ಪೂರ್ತಿ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಆ ಎಡಗಡೆ ಸೀಟಿನಲ್ಲಿ ಕೂತಾಗಲೇ. ಲೋಡ್ ಗಾಡಿ ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವಾಗ ಡ್ರೈವರ್ ಕಾಲು ಎಲ್ಲಿದೆ ಅಂತ ನೋಡುತ್ತಾ ಕೂರುತ್ತಿದ್ದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸುತ್ತಿದ್ದರು. ಎಕ್ಸಾಸ್ಟ್ ಬ್ರೇಕ್ ಹಾಕಿ ಎಂಜಿನ್ನೇ ಗಾಡಿಯನ್ನು ಹಿಡಿಯುವ ಹಾಗೆ ಮಾಡುತ್ತಿದ್ದರು. ಕಾಲ್ಬ್ರೇಕ್ ಒತ್ತುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ, ಒತ್ತಿ ಬಿಡುವುದು ಅಷ್ಟೇ. ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ನಿಂತುಹೋಗುತ್ತದೆ. ಟ್ರೈನಿಂಗ್ ಮೈದಾನದಲ್ಲಿ ಇದನ್ನು ಹೇಳಿಕೊಡಬಹುದು, ತೋರಿಸಲು ಆಗುವುದಿಲ್ಲ.

ವರ್ಷ ತುಂಬಿದ ಮೇಲೆ ಆರ್‌ಟಿಒ ಕೆಲಸ. ಕಾರಿಗಾದರೆ ಆರೋಗ್ಯ ಚೆನ್ನಾಗಿದೆ ಅಂತ ನಾವೇ ಬರೆದುಕೊಟ್ಟರೆ ಸಾಕು. ಲಾರಿ, ಬಸ್ಸಿನಂಥ ಟ್ರಾನ್ಸ್‌ಪೋರ್ಟ್ ಗಾಡಿಗೆ ಡಾಕ್ಟರ್ ಪರೀಕ್ಷೆ ಮಾಡಿ ಫಾರಂ 1ಎ ಕೊಡಬೇಕು. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತಾ, ಕೆಂಪು ಹಸಿರು ಬಣ್ಣ ಬೇರೆ ಬೇರೆ ಕಾಣುತ್ತಾ, ರಾತ್ರಿಗುರುಡು ಇದೆಯಾ, ಕಿವಿ ಕೇಳಿಸುತ್ತಾ, ಎಲ್ಲವೂ ಅದರಲ್ಲಿ ಇರುತ್ತದೆ. ಮುಖ ನೋಡಿ ಸಹಿ ಹಾಕುವ ಡಾಕ್ಟರ್ ಹತ್ತಿರ ಹೋಗಬೇಡಿ. ಕಣ್ಣಿನ ತೊಂದರೆ ಕ್ಲಿನಿಕ್ಕಿನಲ್ಲೇ ಗೊತ್ತಾದರೆ ಕನ್ನಡಕದಲ್ಲಿ ಮುಗಿಯಬಹುದು, ಹೈವೇಯಲ್ಲಿ ಗೊತ್ತಾದರೆ ಹಾಗಲ್ಲ.

ಇನ್ನು ಫಾರಂ 5. ಇದರ ಬಗ್ಗೆ ನನಗೆ ಸಿಟ್ಟೂ ಇದೆ. ಲೈಸೆನ್ಸ್ ಇರುವ ಡ್ರೈವಿಂಗ್ ಸ್ಕೂಲಿನಲ್ಲಿ ಟ್ರೈನಿಂಗ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಇದು. ಇದಿಲ್ಲದೆ ಹೆವಿ ಟೆಸ್ಟ್‌ಗೆ ಹೋಗಲು ಆಗುವುದಿಲ್ಲ. ನಿಯಮದ ಪ್ರಕಾರ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ 15 ಗಂಟೆ ಸ್ಟೇರಿಂಗ್ ಹಿಡಿದಿರಬೇಕು. ನಾನು ಮೊದಲು ವಿಚಾರಿಸಿದ ಸ್ಕೂಲಿನಲ್ಲಿ "ಬರೋದೇ ಬೇಡ, ದುಡ್ಡು ಕಟ್ಟಿ, ಫಾರಂ ಕೊಡ್ತೀವಿ" ಅಂದರು. ಅಲ್ಲಿಂದ ಎದ್ದು ಬಂದು, ನಿಜವಾಗಿ ಗಾಡಿ ಕೊಟ್ಟು ಕಲಿಸುವ ಇನ್ನೊಂದು ಸ್ಕೂಲ್ ಹುಡುಕಿದೆ. ನನ್ನ ಕೇಳಿದರೆ 15 ಗಂಟೆಯೂ ಕಡಿಮೆಯೇ. ಅದನ್ನೂ ಕದ್ದರೆ ಉಳಿಯುವುದೇನು?

ಅಲ್ಲಿ ಮೊದಲು ಕಲಿಸಿದ್ದು ಬ್ರೇಕ್ ನಡೆಸುವ ಗಾಳಿಯ ಲೆಕ್ಕ. ಸ್ಟಾರ್ಟ್ ಮಾಡಿದ ತಕ್ಷಣ ಹೊರಡುವಂತಿಲ್ಲ. ಏರ್ ಟ್ಯಾಂಕ್ ತುಂಬಿ ಗೇಜ್ ಮುಳ್ಳು ಮೇಲೆ ಬರಬೇಕು, ಗಾಳಿ ಕಡಿಮೆ ಇದೆ ಅಂತ ಕೂಗುವ ಬಜರ್ ನಿಲ್ಲಬೇಕು. ಗಾಳಿ ಕಡಿಮೆ ಇದ್ದರೆ ಒಳಗಿನ ಸ್ಪ್ರಿಂಗ್ ಹಿಂದಿನ ಬ್ರೇಕನ್ನು ಹಿಡಿದುಕೊಂಡೇ ಇರುತ್ತದೆ. ಆಮೇಲೆ ತಿರುವು. ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡಕ್ಕೆ ತಿರುಗುವಾಗ ಅಲ್ಲಿ ಒಂದು ಬೈಕ್ ನುಗ್ಗಿದ್ದರೆ ಕನ್ನಡಿ ನೋಡದವನಿಗೆ ಗೊತ್ತೇ ಆಗುವುದಿಲ್ಲ.

ಎಲ್ಎಲ್ಆರ್ ಆದ 30 ದಿನದ ನಂತರ ಟೆಸ್ಟ್ ಕೊಡಬಹುದು. ಆರು ತಿಂಗಳ ಒಳಗೆ ಮುಗಿಸಬೇಕು. ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದ ಹಾಗೆ ಎತ್ತುವುದು, ಇವೆರಡು ಗಟ್ಟಿ ಇದ್ದರೆ ಟೆಸ್ಟ್ ದೊಡ್ಡ ವಿಷಯವಲ್ಲ.

ಕಾರಿನ ಲೈಸೆನ್ಸ್ ಇದ್ದರೆ ಲಾರಿಯೂ ಓಡಿಸಬಹುದು, ಸುಪ್ರೀಂ ಕೋರ್ಟೇ ಹೇಳಿದೆ ಅಂತ ಕೆಲವರು ವಾದ ಮಾಡುತ್ತಾರೆ. 2024ರ ನವೆಂಬರ್ ತೀರ್ಪು ಹೇಳಿದ್ದು 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗಳ ಬಗ್ಗೆ ಮಾತ್ರ. 12,000 ಕೆಜಿ ದಾಟಿದ ಹೆವಿ ಗಾಡಿಗೆ ಅದು ಅನ್ವಯ ಆಗುವುದಿಲ್ಲ. ಸರಿಯಾದ ಲೈಸೆನ್ಸ್ ಇಲ್ಲದೆ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಪರಿಹಾರದ ದುಡ್ಡನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡಲು ದಾರಿ ಇದೆ. ಒಂದು ಲಾರಿ ಇಟ್ಟುಕೊಂಡ ಮಾಲೀಕನ ಮನೆಯೇ ಮುಳುಗುತ್ತದೆ ಅಲ್ವಾ?

ಲಾರಿಯಿಂದ ಬಸ್ಸಿಗೆ ಬಂದಾಗ, ಪ್ರಯಾಣಿಕರ ಗಾಡಿ ಓಡಿಸಲು ಬೇಕಾದ ಬ್ಯಾಡ್ಜ್ ಮಾಡಿಸಿದೆ. ಜನರನ್ನು ಕರೆದೊಯ್ಯುವ ಕೆಲಸ, ಹಾಗಾಗಿ ಪೊಲೀಸ್ ವೆರಿಫಿಕೇಶನ್ ಆಯಿತು. ಅದು ಸರಿಯೇ. ಕೈ ಮಾತ್ರ ಹೊಸದಾಗಿ ಪಳಗಬೇಕಾಯಿತು. ಬಸ್ಸಿನಲ್ಲಿ ಮುಂದಿನ ಚಕ್ರ ನಮ್ಮ ಸೀಟಿಗಿಂತ ಹಿಂದೆ ಇರುತ್ತದೆ, ತಿರುವಿನಲ್ಲಿ ಸ್ವಲ್ಪ ತಡವಾಗಿ ಸ್ಟೇರಿಂಗ್ ತಿರುಗಿಸಬೇಕು. ಬ್ರೇಕ್ ಒತ್ತುವಾಗ ಕಂಬಿ ಹಿಡಿದು ನಿಂತ ಅಜ್ಜಿಯ ನೆನಪಿರಬೇಕು. ಟ್ಯಾಂಕರಿಗೆ ಹೋಗುವವರು ಅಪಾಯಕಾರಿ ಸರಕಿನ ತರಬೇತಿ ಬೇರೆಯಾಗಿ ಪಡೆಯಬೇಕು. ಆ ಅನುಮತಿಗೆ 3 ವರ್ಷ ಅವಧಿ, ನವೀಕರಿಸುವಾಗ ಒಂದು ದಿನದ ರಿಫ್ರೆಶರ್ ಕೋರ್ಸ್ ಇರುತ್ತದೆ.

ಮಾಮೂಲಿ ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಈಗ 5 ವರ್ಷ, ಮೊದಲು 3 ಇತ್ತು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಮುಗಿದ ದಿನದಿಂದ ನವೀಕರಿಸುವವರೆಗೆ ಗಾಡಿ ಮುಟ್ಟುವಂತಿಲ್ಲ, ಅಷ್ಟು ದಿನದ ಸಂಬಳವೂ ಹೋಗುತ್ತದೆ. ಅದಕ್ಕೆ ನಾನು ಕೊನೆಯ ವರ್ಷ ಶುರುವಾದ ಕೂಡಲೇ ಫಾರಂ 1ಎ ಹಿಡಿದು ಡಾಕ್ಟರ್ ಹತ್ತಿರ ಹೋಗುತ್ತೇನೆ.